ಮಿಸ್ತ್ರಿಯನ್ನು ಕಳಿಸಿ ನಾನು ಉಳಿಸಿದ್ದೆಷ್ಟು

2021ರ ಮೇ 15ಕ್ಕೆ ತೊಗರಿ ಆಮದು ಮುಕ್ತವಾದಾಗ ಕಲಬುರಗಿಯ ನನ್ನ ಸಣ್ಣ ದಾಲ್ ಮಿಲ್ಲಿನ ತುಂಬ ಗಂಜ್ ಮಾರುಕಟ್ಟೆಯಿಂದ ದುಬಾರಿಗೆ ತಂದ ತೊಗರಿ ಇತ್ತು. 2017ರಿಂದ ಆಮದಿಗೆ ಮಿತಿ ಇತ್ತಲ್ಲ, ಅದೇ ಧೈರ್ಯದ ಮೇಲೆ ಕೊಂಡಿದ್ದೆ. ಅಕ್ಟೋಬರ್ 31ರವರೆಗೆ ಮಾತ್ರ ಎಂದರು. ಆ ಗಡುವು ಮುಂದೆ ಮುಂದೆ ಹೋಗುತ್ತ 2026ರ ಮಾರ್ಚ್ ಮುಟ್ಟಿತು!

ಮೊಜಾಂಬಿಕ್, ಮ್ಯಾನ್ಮಾರ್ ಮಾಲಿಗೆ ಹೆದರಿ ಖರ್ಚಿಗೆ ಕತ್ತರಿ ಹಾಕಿದೆ. ಮೊದಲು ಬಿಟ್ಟಿದ್ದು ಕಾಳಿನ ಸಿಪ್ಪೆ ತೆಗೆಯುವ ರೋಲರ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿಯನ್ನು. ಸುಗ್ಗಿಗೆ ಕರೆದರೆ, "ಬರ್ತಿದ್ದೆರಿ ಸಾವ್ಕಾರ್ರ, ಆದ್ರ ಇಲ್ಲಿ ಮುಂಗಡ ತಗೊಂಡೀನಿ" ಎಂದ. ಎಣ್ಣೆ ಸವರಿ ಅಂಗಳದಲ್ಲಿ ಒಣಹಾಕಿದ ಕಾಳನ್ನು ಅವನು ಹಲ್ಲಲ್ಲಿ ಕಚ್ಚಿ ನೋಡಿಯೇ ರೋಲರಿನ ಬಿಗಿ ಹೇಳುತ್ತಿದ್ದ. ಬಿಗಿ ಹೆಚ್ಚಾದರೆ ನುಚ್ಚು, ಸಡಿಲಾದರೆ ಬೇಳೆಗೆ ಸಿಪ್ಪೆ. ಹೊಸಬನ ಕೈಯಲ್ಲಿ ಎರಡೂ ಆಯಿತು. ಆರು ತಿಂಗಳು ಉಳಿಸಿದ ಸಂಬಳ ಒಂದೇ ಸುಗ್ಗಿಯ ನುಚ್ಚಿನಲ್ಲಿ ಹೋಯಿತು.

ಆಮೇಲೆ ಪ್ರತಿ ಖರ್ಚಿಗೂ ಒಂದೇ ಪ್ರಶ್ನೆ ಹಾಕಿದೆ: ಇವತ್ತು ಬಿಟ್ಟರೆ ಮತ್ತೆ ಸಿಗಲು ಎಷ್ಟು ದಿನ? ಗೋದಾಮು ವಾರದಲ್ಲಿ ಸಿಗುತ್ತದೆ. ವರ್ಷದ ಕರಾರು ಮುರಿದು ತಿಂಗಳ ಬಾಡಿಗೆಗೆ ಬಂದೆ, ದರ ತುಸು ಹೆಚ್ಚೇ. ಬಣ್ಣ ನೋಡಿ ಕೆಟ್ಟ ಬೇಳೆ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಸಾಲ ಮಾಡದೆ, ಆ ಕೆಲಸವನ್ನು ಪಕ್ಕದ ಮಿಲ್ಲಿಗೆ ಕ್ವಿಂಟಲ್ ಲೆಕ್ಕದಲ್ಲಿ ಕೊಟ್ಟೆ. ಮಿಲ್ ನಿಂತರೂ ಕರೆಂಟಿನ ನಿಗದಿ ಶುಲ್ಕ ಬರುತ್ತದೆ, ಮಂಜೂರಾದ ಲೋಡ್ ಇಳಿಸುವ ಆಸೆಯಾಯಿತು. ಮತ್ತೆ ಏರಿಸಲು ಅರ್ಜಿ, ಠೇವಣಿ, ಅಲೆದಾಟ ನೆನೆದು ಸುಮ್ಮನಾದೆ. ಮಿಸ್ತ್ರಿಯನ್ನು ಹೆಚ್ಚು ಸಂಬಳಕ್ಕೆ ವಾಪಸ್ ಕರೆತಂದೆ. ಕೆಲಸ ಇಲ್ಲದ ತಿಂಗಳಲ್ಲಿ ರೋಲರ್ ರಿಪೇರಿ, ರೈತರ ತೊಗರಿ ಕೂಲಿಗೆ ಒಡೆದುಕೊಡುವುದು.

2023ರ ಜೂನ್‌ನಲ್ಲಿ ತೊಗರಿ ದಾಸ್ತಾನಿಗೆ ಸರ್ಕಾರದ ಮಿತಿ ಬಂತು. ಮಿಲ್ಲಿಗೆ ಮೂರು ತಿಂಗಳ ಉತ್ಪಾದನೆ ಇಲ್ಲವೇ ವಾರ್ಷಿಕ ಸಾಮರ್ಥ್ಯದ ಶೇ. 25, ಯಾವುದು ಹೆಚ್ಚೋ ಅದು. ಸೆಪ್ಟೆಂಬರಿನಲ್ಲಿ ಒಂದು ತಿಂಗಳು ಅಥವಾ ಶೇ. 10ಕ್ಕೆ ಇಳಿಯಿತು, ನವೆಂಬರಿನಲ್ಲಿ ಮೊದಲಿನಂತಾಯಿತು. ವರ್ಷದ ಗೋದಾಮು ಇದ್ದಿದ್ದರೆ ಖಾಲಿ ಗೋಡೆಗೆ ಬಾಡಿಗೆ ಕಟ್ಟುತ್ತಿದ್ದೆ. ಹಾಗಂತ ಎಲ್ಲ ಲಾಭವೇ ಅಲ್ಲ. ಆ ವರ್ಷ ದರ ಏರಿದಾಗ ಮಿತಿಯೊಳಗೇ ತುಂಬಿಟ್ಟವರು ಗಳಿಸಿದರು, ನನ್ನ ಬಳಿ ಮಾಲೇ ಇರಲಿಲ್ಲ.

ಮಗನಿಗೆ ಸಾರ್ಟೆಕ್ಸ್ ಬೇಕು. ಸಾಲದ ಅರ್ಜಿ ಗಲ್ಲಾದ ಮೇಲೆ ಇಟ್ಟಿದ್ದಾನೆ, ನಾನಿನ್ನೂ ಸಹಿ ಹಾಕಿಲ್ಲ.