ಸ್ಪೋರ್ಟ್ಸ್ ಕಾರಿಗೆ ಹೊಸ ಸ್ಪಾರ್ಕ್ ಪ್ಲಗ್: ಆ ಒಂದು ಅಂಕಿಯನ್ನು ಸರಿಯಾಗಿ ಓದಿ

ತಮ್ಮ ಕಾರಿನ ಬಾನೆಟ್ ತಾವೇ ಎತ್ತಿ ಸ್ಪಾರ್ಕ್ ಪ್ಲಗ್ (ಎಂಜಿನ್‌ನೊಳಗೆ ಕಿಡಿ ಹಾರಿಸಿ ಪೆಟ್ರೋಲ್‌ಗೆ ಬೆಂಕಿ ಹಚ್ಚುವ ಭಾಗ) ಬದಲಿಸುವವರನ್ನು ಕಂಡರೆ ನನಗೆ ಖುಷಿಯಾಗುತ್ತದೆ. ಬಿಚ್ಚುವುದು, ಕೂರಿಸುವುದು ಅವರಿಗೆ ಬೇಗ ಕೈಗೆ ಹತ್ತುತ್ತದೆ. ಎಡವುವುದು ಮಾತ್ರ ಅದಕ್ಕೂ ಮೊದಲು, ಯಾವ ಪ್ಲಗ್ ಎಂದು ಆರಿಸುವಾಗ, ಅದರಲ್ಲೂ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ದಾಟಿಸುತ್ತದೆ ಎಂದು ಹೇಳುವ ‘ಹೀಟ್ ರೇಂಜ್’ ಅಂಕಿಯಲ್ಲಿ. ನನ್ನ ಗೆಳೆಯನೊಬ್ಬ ತನ್ನ ಟರ್ಬೊ ಕಾರಿಗೆ ‘ರೇಸಿಂಗ್ ಪ್ಲಗ್’ ತಂದು ಹಾಕಿದ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇತ್ತು, ಏನೂ ಬದಲಿಸಿರಲಿಲ್ಲ. ಎರಡೇ ವಾರಕ್ಕೆ, ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಡುಗತೊಡಗಿತು. ಬಿಚ್ಚಿ ನೋಡಿದರೆ ನಾಲ್ಕೂ ಪ್ಲಗ್‌ಗೆ ದಪ್ಪ ಮಸಿ. ಪ್ಲಗ್‌ನಲ್ಲಿ ದೋಷ ಇರಲಿಲ್ಲ. ಅವನು ಗಾಡಿ ಓಡಿಸುವ ರೀತಿಗೆ ಅದು ಹೊಂದುವಂಥದ್ದಲ್ಲ, ಅಷ್ಟೇ.

ಹಂತ 1: ಕೈಪಿಡಿ ತೆಗೆಯಿರಿ

ಕಾರಿನ ಜೊತೆ ಬಂದ ಪುಸ್ತಕದಲ್ಲಿ ಪ್ಲಗ್‌ನ ಪೂರ್ತಿ ಕೋಡ್ ಮತ್ತು ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಅಂತರ) ಎಷ್ಟಿರಬೇಕು ಎಂಬುದು ಇರುತ್ತದೆ. ಎರಡನ್ನೂ ಬರೆದುಕೊಳ್ಳಿ. ಹಳೇ ಪ್ಲಗ್ ಬಿಚ್ಚಿ ಅದರ ಮೇಲಿನ ಕೋಡ್ ನೋಡಿ ಅದನ್ನೇ ಕೊಳ್ಳಬೇಡಿ. ಸೆಕೆಂಡ್‌ಹ್ಯಾಂಡ್ ಕಾರಾದರೆ ಹಿಂದಿನವರೇ ತಪ್ಪು ಪ್ಲಗ್ ಹಾಕಿರಬಹುದು, ಅಲ್ವಾ?

ಎಷ್ಟು ಪ್ಲಗ್ ಬೇಕು ಎಂದೂ ಎಣಿಸಿಕೊಳ್ಳಿ. ಎಷ್ಟು ಸಿಲಿಂಡರೋ ಅಷ್ಟು ಪ್ಲಗ್ ಎಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಪೋರ್ಷೆ 911ರ 964 ಕರೇರಾ ಮಾದರಿಯಲ್ಲಿ ಸಿಲಿಂಡರ್ 6, ಪ್ಲಗ್ 12. ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್‌ನಲ್ಲಿ ಒಂದೊಂದು ರೋಟರ್‌ಗೂ (ಪಿಸ್ಟನ್ ಬದಲು ತಿರುಗುವ ಭಾಗ) ಎರಡೆರಡು ಪ್ಲಗ್ ಇದ್ದು, ಲೀಡಿಂಗ್, ಟ್ರೇಲಿಂಗ್ ಎಂಬ ಆ ಎರಡೂ ಬೇರೆ ಬೇರೆ ಬಗೆಯವು. ಲೀಡಿಂಗ್ ಪ್ಲಗ್‌ನ ಜಾಗಕ್ಕೆ ಟ್ರೇಲಿಂಗ್ ಪ್ಲಗ್ ಹಾಕುವಂತಿಲ್ಲ.

ಹಂತ 2: ಅಳತೆ

ಥ್ರೆಡ್‌ನ ದಪ್ಪ (ಹೆಚ್ಚಾಗಿ 14 ಅಥವಾ 12 ಮಿ.ಮೀ.), ಥ್ರೆಡ್‌ನ ಉದ್ದ ಅಂದರೆ ರೀಚ್ (19 ಅಥವಾ 26.5 ಮಿ.ಮೀ. ಜಾಸ್ತಿ ಕಾಣುತ್ತದೆ), ಕೂರುವ ಬುಡ ಚಪ್ಪಟೆಯೋ ಓರೆಯೋ ಎಂಬುದು, ಈ ಮೂರೂ ಒಂದು ಕೂದಲೆಳೆಯೂ ತಪ್ಪಬಾರದು. ರೀಚ್ ಜಾಸ್ತಿಯಾದರೆ ಪಿಸ್ಟನ್ ಬಂದು ಪ್ಲಗ್‌ಗೆ ಬಡಿಯಬಹುದು. ಕಡಿಮೆಯಾದರೆ ಹೆಡ್‌ನ (ಪ್ಲಗ್ ಕೂರುವ ಎಂಜಿನ್ ಮೇಲ್ಭಾಗ) ಖಾಲಿ ಥ್ರೆಡ್‌ನಲ್ಲಿ ಕಾರ್ಬನ್ ತುಂಬಿಕೊಂಡು, ಮುಂದೆ ಸರಿಯಾದ ಪ್ಲಗ್ ತಂದರೂ ಅದು ಒಳಗೆ ಇಳಿಯುವುದಿಲ್ಲ.

ಹಂತ 3: ಹೀಟ್ ರೇಂಜ್, ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

‘ಹಾಟ್ ಪ್ಲಗ್’ ಅಂದರೆ ಜೋರಾಗಿ ಕಿಡಿ ಹಾರಿಸುವ ಪ್ಲಗ್ ಎಂದು ಬಹಳ ಜನ ನಂಬಿದ್ದಾರೆ. ‘ಕೋಲ್ಡ್ ಪ್ಲಗ್’ ಹಾಕಿದರೆ ಎಂಜಿನ್ ತಂಪಾಗಿರುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ಸರಿಯಲ್ಲ. ಕಿಡಿಯ ಜೋರು, ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲ್‌ಗೆ ಸಂಬಂಧಪಟ್ಟದ್ದು. ಹೀಟ್ ರೇಂಜ್ ಹೇಳುವುದು ಒಂದೇ ವಿಷಯ: ಪ್ಲಗ್ ತನ್ನ ತುದಿಗೆ ತಗುಲಿದ ಬಿಸಿಯನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎಂಬುದು.

ಪ್ಲಗ್‌ನ ತುದಿಯಲ್ಲಿ, ನಡುವಿನ ಎಲೆಕ್ಟ್ರೋಡ್ ಸುತ್ತ ಬಿಳಿ ಪಿಂಗಾಣಿ ಇರುತ್ತದಲ್ಲ, ಅದನ್ನು ಗಮನಿಸಿ. ಆ ಪಿಂಗಾಣಿಯ ಮೂಗು ಉದ್ದವಿದ್ದರೆ ಬಿಸಿ ಲೋಹದ ಮೈ ತಲುಪಲು ದೂರದ ದಾರಿ ಸವೆಸಬೇಕು. ಹಾಗಾಗಿ ತುದಿ ಬಿಸಿಯಾಗಿಯೇ ಉಳಿಯುತ್ತದೆ. ಇದು ಹಾಟ್ ಪ್ಲಗ್. ಮೂಗು ಗಿಡ್ಡವಿದ್ದರೆ ಬಿಸಿ ಬೇಗ ಇಳಿದುಹೋಗುತ್ತದೆ. ಇದು ಕೋಲ್ಡ್ ಪ್ಲಗ್.

ಈ ತುದಿಗೆ ಒಂದು ಹದ ಬೇಕು. ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೇಲೆ ಕೂತ ಮಸಿ ತಾನೇ ಸುಟ್ಟುಹೋಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮಸಿ ಕಟ್ಟುತ್ತಾ ಹೋಗಿ, ಕೊನೆಗೆ ಕರೆಂಟ್ ಆ ಮಸಿಯ ಮೇಲೇ ಹರಿದು ಕಿಡಿ ಹಾರುವುದೇ ನಿಲ್ಲುತ್ತದೆ. ಇನ್ನೊಂದು ಕಡೆ, 850-900 ಡಿಗ್ರಿ ದಾಟಿತೋ, ಕಿಡಿ ಹಾರುವ ಮೊದಲೇ ಕೆಂಡದಂತಾದ ತುದಿ ಪೆಟ್ರೋಲ್ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಇದಕ್ಕೆ ಪ್ರಿ-ಇಗ್ನಿಷನ್ ಎನ್ನುತ್ತಾರೆ. ಮೇಲೆ ಬರುತ್ತಿರುವ ಪಿಸ್ಟನ್‌ಗೆ ಆಗ ಬೀಳುವ ಪೆಟ್ಟಿಗೆ ಅದರಲ್ಲಿ ತೂತೇ ಬೀಳಬಹುದು. ಮಸಿ ಹಿಡಿದರೆ ಹೋಗುವುದು ಒಂದು ಸೆಟ್ ಪ್ಲಗ್. ಪ್ರಿ-ಇಗ್ನಿಷನ್ ಆದರೆ ಎಂಜಿನ್ನೇ ಹೋಗುತ್ತದೆ.

ಇಷ್ಟು ಗೊತ್ತಿದ್ದವರೂ ಅಂಗಡಿಯಲ್ಲಿ ಸೋಲುತ್ತಾರೆ. ಕಾರಣ, ಅಂಕಿಗಳ ಲೆಕ್ಕ ಕಂಪನಿಗೊಂದು ತರ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಪೂರ್ತಿ ತಿರುಗುಮುರುಗು, ಅಂಕಿ ದೊಡ್ಡದಾದಷ್ಟೂ ಹಾಟ್. ಒಂದೇ ದಿಕ್ಕಿಗೆ ಎಣಿಸುವ ಎನ್‌ಜಿಕೆ, ಡೆನ್ಸೊಗಳಲ್ಲೂ ಅಂಕಿ ಬೇರೆ: ಎನ್‌ಜಿಕೆಯ 6 ಅಂದರೆ ಡೆನ್ಸೊದ 20, 7 ಅಂದರೆ 22, 8 ಅಂದರೆ 24. ಒಂದು ಕಂಪನಿಯ 7ಕ್ಕೆ ಬದಲಾಗಿ ಇನ್ನೊಂದರ 7 ಕೊಂಡರೆ ಹೀಟ್ ರೇಂಜ್ ತಪ್ಪಿಹೋಗಬಹುದು. ಕಂಪನಿ ಬದಲಿಸಲೇಬೇಕಿದ್ದರೆ ಹೊಂದಾಣಿಕೆ ಪಟ್ಟಿ ನೋಡಿ. ನನ್ನನ್ನು ಕೇಳಿದರೆ, ಬದಲಿಸಲೇಬೇಡಿ. ಕೈಪಿಡಿಯಲ್ಲಿ ಯಾವ ಕಂಪನಿಯ ಹೆಸರಿದೆಯೋ ಅದೇ ಇರಲಿ.

ಕೋಡ್ ಓದುವುದು ಹೇಗೆ? ಎನ್‌ಜಿಕೆಯ ‘ಬಿಕೆಆರ್6ಇ-11’ ತೆಗೆದುಕೊಳ್ಳಿ. ‘ಬಿಕೆ’ ಅಂದರೆ 14 ಮಿ.ಮೀ. ಥ್ರೆಡ್, 16 ಮಿ.ಮೀ. ಪಾನಾ. ‘ಆರ್’ ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಹೀಟ್ ರೇಂಜ್. ‘ಇ’ ಅಂದರೆ 19 ಮಿ.ಮೀ. ರೀಚ್. ಕೊನೆಯ 11 ಅಂದರೆ 1.1 ಮಿ.ಮೀ. ಗ್ಯಾಪ್. ‘ಆರ್’ ಇಲ್ಲದ ಪ್ಲಗ್ ಹೊಸ ಕಾರಿಗೆ ಬೇಡವೇ ಬೇಡ. ಕಿಡಿಯಿಂದ ಏಳುವ ವಿದ್ಯುತ್ ಗದ್ದಲ ರೇಡಿಯೊಗೂ, ಎಂಜಿನ್ ನಡೆಸುವ ಕಂಪ್ಯೂಟರ್‌ಗೂ ತೊಂದರೆ ಕೊಡುತ್ತದೆ.

ಹಾಗಾದರೆ ಕೋಲ್ಡ್ ಪ್ಲಗ್ ಯಾರಿಗೆ ಬೇಕು? ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಏರಿಸಿ, ಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಲೆಕ್ಕ) ಬದಲಿಸಿ ಎಂಜಿನ್‌ನ ಶಕ್ತಿಯನ್ನು ನಿಜವಾಗಿ ಹೆಚ್ಚಿಸಿದವರಿಗೆ. 75ರಿಂದ 100 ಅಶ್ವಶಕ್ತಿ ಹೆಚ್ಚಿದರೆ ಹೀಟ್ ರೇಂಜ್‌ನಲ್ಲಿ ಒಂದು ಮೆಟ್ಟಿಲು ಕೋಲ್ಡ್, ಇದು ಟ್ಯೂನರ್‌ಗಳ ನಡುವೆ ಓಡಾಡುವ ಅಂದಾಜು. ಒಂದೊಂದು ಮೆಟ್ಟಿಲಿಗೆ ತುದಿಯ ಬಿಸಿಯಲ್ಲಿ 70ರಿಂದ 100 ಡಿಗ್ರಿ ವ್ಯತ್ಯಾಸ ಆಗುತ್ತದೆ. ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿದ್ದಕ್ಕೆಲ್ಲ ಪ್ಲಗ್ ಬದಲಿಸಬೇಕಿಲ್ಲ. ಕಂಪನಿಯಿಂದ ಬಂದ ಹಾಗೇ ಇರುವ ಕಾರು ಎಷ್ಟೇ ಜೋರಾಗಿ ಓಡಲಿ, ಕೈಪಿಡಿಯ ಅಂಕಿಯೇ ಸರಿ. ವಾರಕ್ಕೊಮ್ಮೆ ಟ್ರ್ಯಾಕ್‌ಗೆ ಹೋಗಿ, ಉಳಿದ ದಿನ ಟ್ರಾಫಿಕ್‌ನಲ್ಲಿ ತೆವಳುವ ಟ್ಯೂನ್ ಮಾಡಿದ ಕಾರಿಗೆ ಒಂದೇ ಒಂದು ಮೆಟ್ಟಿಲು ಕೋಲ್ಡ್ ಕಡೆಗೆ ಹೋಗಿ, ಎರಡು ಬೇಡ.

ಹಂತ 4: ಯಾವ ಲೋಹ?

ಕಾರು ಇರಿಡಿಯಮ್ ಪ್ಲಗ್ ಜೊತೆ ಬಂದಿದ್ದರೆ ಇರಿಡಿಯಮ್ಮೇ ಹಾಕಿ. ನಿಕಲ್ ಪ್ಲಗ್‌ನ ನಡುವಿನ ಎಲೆಕ್ಟ್ರೋಡ್ ಸುಮಾರು 2.5 ಮಿ.ಮೀ. ದಪ್ಪ. ಇರಿಡಿಯಮ್‌ನದು 0.4ರಿಂದ 0.7 ಮಿ.ಮೀ. ಇರುತ್ತದೆ. ತುದಿ ಸಣ್ಣಗಿದ್ದಷ್ಟೂ ಕಡಿಮೆ ವೋಲ್ಟೇಜ್‌ಗೆ ಕಿಡಿ ಹಾರುತ್ತದೆ. ಇರಿಡಿಯಮ್ ಕರಗಲು 2,400 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ಹಾಗಾಗಿ ಅಷ್ಟು ಸಣ್ಣ ತುದಿಯೂ ಬೇಗ ಸವೆಯುವುದಿಲ್ಲ. ಅಂಗಡಿಯವರು ‘ಕಾಪರ್ ಪ್ಲಗ್’ ಎನ್ನುವುದು ಈ ನಿಕಲ್ ಪ್ಲಗ್‌ಗೇ. ತಾಮ್ರ ಇರುವುದು ಒಳಗೆ, ಕಿಡಿ ಹಾರುವ ತುದಿಯಲ್ಲಲ್ಲ. ಬೂಸ್ಟ್ ಏರಿಸಿ ಪದೇ ಪದೇ ಪ್ಲಗ್ ಬದಲಿಸುವವರಿಗೆ ನಿಕಲ್ ಸಾಕು.

ಹೊರಗಿನ ಎಲೆಕ್ಟ್ರೋಡ್, ಅಂದರೆ ಕೊಂಬು, ಮೂರು ನಾಲ್ಕು ಇರುವ ಪ್ಲಗ್‌ಗಳ ಬಗ್ಗೆ ಒಂದು ಮಾತು. ಅವು ನಾಲ್ಕು ಕಿಡಿ ಕೊಡುವುದಿಲ್ಲ. ಒಂದು ಸಲಕ್ಕೆ ಒಂದೇ ಕೊಂಬಿಗೆ ಕಿಡಿ ಹಾರುತ್ತದೆ. ಕಾರು ತಯಾರಿಸಿದವರೇ ಅವನ್ನು ಹೇಳಿದ್ದರೆ ಹಾಕಿ, ಶಕ್ತಿ ಹೆಚ್ಚುತ್ತದೆ ಎಂಬ ಜಾಹೀರಾತು ನೋಡಿ ಸುಮ್ನೆ ಕೊಳ್ಳಬೇಡಿ.

ಇರಿಡಿಯಮ್ ಹೆಸರಲ್ಲಿ ನಕಲಿ ಮಾಲು ಬಹಳ ಓಡಾಡುತ್ತದೆ. ಪಿಂಗಾಣಿ ಮೇಲಿನ ಅಚ್ಚು ಉಗುರಿಗೆ ಕಿತ್ತು ಬಂದರೆ, ನಡುವಿನ ತುದಿ ವಾಲಿದ್ದರೆ, ವಾಷರ್ ಸಡಿಲವಾಗಿ ಉದುರಿದರೆ ವಾಪಸ್ ಕೊಡಿ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ.

ಹಂತ 5: ಗ್ಯಾಪ್

ಪೆಟ್ಟಿಗೆಯಿಂದ ತೆಗೆದ ಕೂಡಲೇ ಪ್ರತಿಯೊಂದನ್ನೂ ಅಳೆಯಿರಿ. ‘ಗ್ಯಾಪ್ ಕಂಪನಿಯಲ್ಲೇ ಸೆಟ್ ಆಗಿದೆ’ ಎಂಬ ಮಾತಿಗೆ ಸುಮ್ಮನಾಗಬೇಡಿ. ದಾರಿಯಲ್ಲಿ ಎಲ್ಲೋ ಪೆಟ್ಟು ಬಿದ್ದಿರಬಹುದು. ತಂತಿಯ ಗೇಜ್ ಬಳಸಿ. ದುಂಡು ನಾಣ್ಯದಂಥ ಗೇಜನ್ನು ಒತ್ತಿ ನೂಕಿದರೆ ಇರಿಡಿಯಮ್ ತುದಿ ಲಟ್ ಎಂದು ಮುರಿಯುತ್ತದೆ. ಬಗ್ಗಿಸುವುದಾದರೆ ಹೊರಗಿನ ಕೊಂಬನ್ನು ಮಾತ್ರ, ಅದೂ ಕೂದಲೆಳೆಯಷ್ಟು. ಬೂಸ್ಟ್ ಏರಿಸಿದ ಟರ್ಬೊಗೆ ಗ್ಯಾಪ್ ಕಡಿಮೆ ಬೇಕು, 0.6ರಿಂದ 0.8 ಮಿ.ಮೀ. ಸಾಮಾನ್ಯ. ಒತ್ತಡ ಹೆಚ್ಚಿದಷ್ಟೂ ಕಿಡಿ ದಾಟುವುದು ಕಷ್ಟ.

ಕೆಳಗೆ ಬಿದ್ದ ಪ್ಲಗ್ ಹಾಕಬೇಡಿ. ಪಿಂಗಾಣಿಯೊಳಗಿನ ಬಿರುಕು ಕಣ್ಣಿಗೆ ಕಾಣದು.

ಹಂತ 6: ಕೂರಿಸುವುದು

ಎಂಜಿನ್ ತಣ್ಣಗಾಗಲಿ, ಗುಂಡಿಯ ಕಸ ಊದಿ ತೆಗೆಯಿರಿ, ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ, ಕೊನೆಗೆ ಟಾರ್ಕ್ ರೆಂಚ್‌ನಿಂದ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಮ್ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ಥ್ರೆಡ್‌ಗೆ ಗ್ರೀಸ್ ಬಳಿಯಬೇಡಿ. ಜಾರಿಕೆಯಿಂದ ಬಿಗಿ ಅತಿಯಾಗಿ ಥ್ರೆಡ್ ಕಿತ್ತುಹೋದೀತು.

ಹಂತ 7: ಕೆಲವು ನೂರು ಕಿಲೋಮೀಟರ್ ಆದ ಮೇಲೆ

ಹೀಟ್ ರೇಂಜ್ ಬದಲಿಸಿದವರು ಒಂದು ಪ್ಲಗ್ ಬಿಚ್ಚಿ ಪಿಂಗಾಣಿಯ ಬಣ್ಣ ನೋಡಿ. ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಹದ ಕೂಡಿದೆ. ಒಣ ಮಸಿ ಇದ್ದರೆ ಪ್ಲಗ್ ಜಾಸ್ತಿ ಕೋಲ್ಡ್ ಆಗಿರಬಹುದು, ಅಥವಾ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ಎಣ್ಣೆಯಿಂದ ಒದ್ದೆಯಾಗಿದ್ದರೆ ಪ್ಲಗ್ ಬದಲಿಸಿ ಪ್ರಯೋಜನವಿಲ್ಲ, ಎಂಜಿನ್ ಒಳಗೆ ನೋಡಬೇಕು. ಬೆಳ್ಳಗೆ ಸುಣ್ಣದಂತಾಗಿ ಗುಳ್ಳೆ ಎದ್ದಿದ್ದರೆ ಕಾರನ್ನು ಅಲ್ಲೇ ನಿಲ್ಲಿಸಿ, ಕಾರಣ ಗೊತ್ತಾಗುವ ತನಕ ಮತ್ತೆ ಸ್ಟಾರ್ಟ್ ಮಾಡಬೇಡಿ.