ನೀರು ಕಡಿಮೆಯಿದ್ದಾಗ ಗೋಧಿಗೆ ಯಾವಾಗ ಹಾಯಿಸಬೇಕು?

ಐದಾರು ಸಲ ಹಾಯಿಸಬೇಕಾದ ಗೋಧಿಗೆ ಮೂರು ಸಲಕ್ಕಾಗುವಷ್ಟೇ ನೀರಿದ್ದರೆ, ಅದನ್ನೇ ಆರು ಪಾಲು ಮಾಡಿ ತೆಳುವಾಗಿ ಬಿಡಬೇಡಿ. ಮೇಲ್ಮಣ್ಣಷ್ಟೇ ನೆನೆದು, ಬೇರಿಗೆ ತಲುಪುವ ಮೊದಲೇ ಸಾಕಷ್ಟು ನೀರು ಆವಿಯಾಗುತ್ತದೆ. ಮೂರೇ ಸಲ, ಆದರೆ ಬೇರಿನ ಆಳಕ್ಕೆ ಇಳಿಯುವಂತೆ ಹಾಯಿಸಿ.

ಮೊದಲ ನೀರು ಬಿತ್ತಿದ 20–25 ದಿನಕ್ಕೆ. ದಿನ ಎಣಿಸುವುದಕ್ಕಿಂತ ಒಂದು ಸಸಿಯನ್ನು ಮಣ್ಣು ಸಮೇತ ಎತ್ತಿ ನೋಡುವುದು ಮೇಲು. ಬೀಜದಿಂದ ಹೊರಟ ಎಳೆಬೇರುಗಳ ಮೇಲೆ, ಕಾಂಡದ ಬುಡದ ಗಂಟಿನಲ್ಲಿ ದಪ್ಪನೆಯ ಬಿಳಿ ಬೇರುಗಳು ತಲೆಹಾಕಿರುತ್ತವೆ. ಇವೇ ಮುಕುಟ ಬೇರುಗಳು. ಒಣಮಣ್ಣಿನಲ್ಲಿ ಇವು ಕೆಳಗಿಳಿಯಲಾರವು. ಆಗ ತೆಂಡೆಗಳೂ (ಬುಡದಿಂದ ಒಡೆಯುವ ಕವಲುಗಳು) ತೆನೆಗಳೂ ಕಡಿಮೆಯಾಗುತ್ತವೆ. ಆಮೇಲೆ ಎಷ್ಟು ಹಾಯಿಸಿದರೂ ಆ ನಷ್ಟ ಪೂರ್ತಿ ತುಂಬಿ ಬರುವುದಿಲ್ಲ. ಒಂದೇ ನೀರು ಇದ್ದರೂ ಅದನ್ನು ಇಲ್ಲಿಗೇ ಮೀಸಲಿಡಿ. ಯೂರಿಯಾ ಮೇಲುಗೊಬ್ಬರವನ್ನೂ ಈ ತೇವದಲ್ಲೇ ಕೊಡಿ.

ಎರಡನೆಯದು ತೆನೆ ಇನ್ನೂ ಹೊಡೆಯೊಳಗೆ, ಅಂದರೆ ಅದನ್ನು ಸುತ್ತಿದ ಎಲೆಯ ಕವಚದೊಳಗೆ, ಇರುವಾಗ. ಆಗ ಒಳಗೆ ಪರಾಗ ರೂಪುಗೊಳ್ಳುತ್ತಿರುತ್ತದೆ. ಬರ ತಗುಲಿದರೆ ಪರಾಗ ಬರಡಾಗಿ, ತೆನೆ ನೋಡಲು ಚೆನ್ನಾಗಿದ್ದರೂ ಕಾಳು ಕಟ್ಟುವುದಿಲ್ಲ.

ಮೂರನೆಯದು ಕಾಳಿನಲ್ಲಿ ಹಾಲು ತುಂಬುವಾಗ. ಕಾಳನ್ನು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮಬೇಕು. ಜೋರು ಗಾಳಿಯಿರುವ ದಿನ ಮಾತ್ರ ಹಾಯಿಸಬೇಡಿ, ನೆನೆದ ನೆಲದಲ್ಲಿ ಪೈರು ಒರಗುತ್ತದೆ.

ಗುಣಮಟ್ಟದ ಲೆಕ್ಕ ತಪ್ಪುವುದು ಈ ಕೊನೆಯ ಹಂತದಲ್ಲೇ. ನೀರು ತಪ್ಪಿದರೆ ಪಿಷ್ಟ ಸೇರುವುದು ಬೇಗ ನಿಲ್ಲುತ್ತದೆ. ಪ್ರೋಟೀನ್ ಸೇರುವುದು ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಪ್ರೋಟೀನ್‌ನ ಶೇಕಡಾವಾರು ಹೆಚ್ಚು ಕಾಣುತ್ತದೆ. ಅದನ್ನು ನಂಬಿ ನೀರು ಕಡಿತವೇ ಒಳ್ಳೆಯದೆಂದು ತೀರ್ಮಾನಿಸುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಕಾಳು ಸೊರಗಿರುತ್ತದೆ, ಬೀಸಿದಾಗ ಹೊಟ್ಟು ಹೆಚ್ಚಾಗಿ ಹಿಟ್ಟು ಕಡಿಮೆ ಬರುತ್ತದೆ. ಇಳುವರಿ ಬಹಳ ಕುಸಿದಿದ್ದರೆ ಹೊಲದಿಂದ ಸಿಗುವ ಒಟ್ಟು ಪ್ರೋಟೀನ್ ಕೂಡ ಕಡಿಮೆಯೇ.

ನಿಮ್ಮ ಹೊಲದಲ್ಲೇ ಇದನ್ನು ಅಳೆಯಬಹುದು. ಒಂದು ಪಟ್ಟಿಗೆ ಪೂರ್ತಿ ನೀರು ಕೊಟ್ಟು, ಉಳಿದುದಕ್ಕೆ ಮೂರೇ ಸಲ ಹಾಯಿಸಿ. ಕೊಯ್ಲಾದ ಮೇಲೆ ಎರಡರಿಂದಲೂ ಸಾವಿರ ಕಾಳು ಎಣಿಸಿ, ಚೆನ್ನಾಗಿ ಒಣಗಿಸಿ ತೂಗಿ. ಆರಿಸಿ ಎಣಿಸಬೇಡಿ; ಸುಕ್ಕುಗಾಳೂ ಲೆಕ್ಕಕ್ಕೆ ಬರಬೇಕು. ತುಂಬಿದ ಗೋಧಿ ಸಾಮಾನ್ಯವಾಗಿ 35–45 ಗ್ರಾಂ ತೂಗುತ್ತದೆ. ಎರಡರ ತೂಕ ಹೆಚ್ಚುಕಡಿಮೆ ಒಂದೇ ಆಗಿದ್ದು ಇಳುವರಿ ಮಾತ್ರ ಇಳಿದಿದ್ದರೆ, ಕೊರತೆಯಾದದ್ದು ಕಾಳು ತುಂಬುವ ಮೊದಲು. ಮುಂದಿನ ಬೆಳೆಗೆ ಮೊದಲೆರಡು ನೀರಿನ ಸಮಯವನ್ನು ಸರಿಪಡಿಸಿ.