ಸ್ಟಾರ್ ಟ್ರೆಕ್ ಮತ್ತೆ ನೋಡಲು: ಕಂತುಗಳ ಕ್ರಮ, ಟಿವಿಯ ಸೆಟ್ಟಿಂಗ್

1980ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ, ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆಯ ಕಥೆಯ ಹಳೆಯ ಧಾರಾವಾಹಿ ಸ್ಟಾರ್ ಟ್ರೆಕ್ ಅನ್ನು ಈಗ ಮತ್ತೆ ನೋಡಲು ಕೂತರೆ ಮೊದಲು ಸರಿಮಾಡಬೇಕಾದದ್ದು ಕಂತುಗಳ ಕ್ರಮ. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಕಂತುಗಳು 79. ಪಟ್ಟಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪ್ರಸಾರದ ಕ್ರಮ. ನಾನು ನೋಡುವುದು ಚಿತ್ರೀಕರಣದ ಕ್ರಮದಲ್ಲಿ. 'ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್' ಎರಡನೇ ಪೈಲಟ್, ಅಂದರೆ ಧಾರಾವಾಹಿ ಒಪ್ಪಿಗೆಯಾಗುವ ಮೊದಲು ಮಾದರಿಗೆಂದು ತೆಗೆದ ಕಂತು. ಪ್ರಸಾರವಾದದ್ದು ಮಾತ್ರ ಮೂರನೆಯದಾಗಿ. ಹಾಗಾಗಿ ಎರಡು ಕಂತುಗಳಲ್ಲಿ ಪರಿಚಯವಾದ ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ಮೂರನೆಯದರಲ್ಲಿ ಮಾಯವಾಗುತ್ತಾರೆ, ಸಮವಸ್ತ್ರವೂ ಬೇರೆಯಾಗಿಬಿಡುತ್ತದೆ. ಅದರ ನಂತರವೇ ಚಿತ್ರೀಕರಣವಾದ 'ಕಾರ್ಬೊಮೈಟ್ ಮನೂವರ್' ನವೆಂಬರ್‌ವರೆಗೆ ಕಾಯಬೇಕಾಯಿತು. ತಿರಸ್ಕೃತವಾದ ಮೊದಲ ಪೈಲಟ್ 'ದ ಕೇಜ್' ಅನ್ನು ಮಾತ್ರ ಮೊದಲಿಗೆ ನೋಡಬೇಡಿ. ಅದರ ದೃಶ್ಯಗಳನ್ನು ಬಳಸಿಕೊಂಡೇ ಎರಡು ಭಾಗದ 'ಮೆನಾಜರಿ' ಮಾಡಿದ್ದಾರೆ; ಮೊದಲೇ ನೋಡಿದ್ದರೆ ಅದರ ಕುತೂಹಲವೆಲ್ಲ ಹೋಗುತ್ತದೆ.

ಇನ್ನು ಟಿವಿ. ಚಿತ್ರದ ಅಳತೆ 4:3 ಇರಲಿ, ಎರಡು ಬದಿ ಕಪ್ಪು ಪಟ್ಟಿ ಬರಲಿ. ಪರದೆ ತುಂಬಲೆಂದು ಜೂಮ್ ಮಾಡಿದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಕತ್ತರಿಸಿಹೋಗುತ್ತದೆ, ಮೊದಲು ಹೋಗುವುದೇ ತಲೆ. ಚಲನೆ ನಯವಾಗಿಸಲು ಟಿವಿ ತಾನೇ ಫ್ರೇಮ್ ಸೇರಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ: ಇದು ಸೆಕೆಂಡಿಗೆ 24 ಫ್ರೇಮಿನ ಫಿಲ್ಮ್, ನಡುವೆ ಹೊಸ ಫ್ರೇಮ್ ತುರುಕಿದರೆ ಸೆಟ್ಟಿನ ಪ್ಲೈವುಡ್ ಪ್ಲೈವುಡ್ಡಾಗಿಯೇ ಕಾಣುತ್ತದೆ. ಪಿಕ್ಚರ್ ಮೋಡ್ ಸಿನಿಮಾ ಇರಲಿ. ಬಣ್ಣ ಹೊಂದಿಸುವಾಗ ನೌಕೆಯ ಕ್ಯಾಪ್ಟನ್ ಕರ್ಕ್‌ನ ಅಂಗಿಯನ್ನು ನಂಬಬೇಡಿ. ಮೊದಲೆರಡು ಸೀಸನ್ನಿನ ಆ ವೆಲೂರ್ ಎಂಬ ಮಕಮಲ್ಲಿನಂಥ ಬಟ್ಟೆ ನಿಜದಲ್ಲಿ ಹಸಿರು. ದೀಪದಡಿ, ಫಿಲ್ಮಿನ ಮೇಲೆ ಹಳದಿಯಾಗಿ ಮೂಡಿದೆ. ಬೇರೆ ಬಟ್ಟೆಯ ಇನ್ನೊಂದು ಅಂಗಿ ಹಾಕಿದಾಗ ಹಸಿರೇ ಕಾಣುತ್ತದೆ. ಟಿವಿ ಕೆಟ್ಟಿಲ್ಲ.

2006ರಿಂದ ಬಂದ ರೀಮಾಸ್ಟರ್‌ನಲ್ಲಿ, ಅಂದರೆ ಶುಚಿಗೊಳಿಸಿದ ಹೊಸ ಆವೃತ್ತಿಯಲ್ಲಿ, ನೌಕೆಯನ್ನು ಹೊರಗಿನಿಂದ ತೋರಿಸುವ ದೃಶ್ಯಗಳೆಲ್ಲ ಕಂಪ್ಯೂಟರಿನವು. ಬ್ಲೂ-ರೇಯಲ್ಲಿ ಹಳೆಯವೂ ಇವೆ, ರಿಮೋಟಿನ ಆ್ಯಂಗಲ್ ಗುಂಡಿ ಒತ್ತಿ ಬದಲಾಯಿಸಿಕೊಳ್ಳಬಹುದು. ನಾನು ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ. ನೌಕೆ, ನಕ್ಷತ್ರ, ಗ್ರಹಗಳನ್ನು ಬೇರೆಬೇರೆ ತೆಗೆದು ಫಿಲ್ಮಿನಿಂದ ಫಿಲ್ಮಿಗೆ ನಕಲು ಮಾಡುವ ಆಪ್ಟಿಕಲ್ ಪ್ರಿಂಟರಿನಲ್ಲಿ ಸೇರಿಸುತ್ತಿದ್ದರು. ಪ್ರತಿ ನಕಲಿಗೂ ಫಿಲ್ಮಿನ ಕಣ ಹೆಚ್ಚುತ್ತದೆ. ಅದಕ್ಕೇ ಆ ದೃಶ್ಯಗಳು ಮಸುಕು. ಎಂಟರ್‌ಪ್ರೈಸ್ ಮುಖ ಹೆಚ್ಚಾಗಿ ಬಲಕ್ಕೇ ಇರುವುದನ್ನೂ ಗಮನಿಸಿ: ಸುಮಾರು 3.4 ಮೀಟರ್ ಉದ್ದದ ಆ ಮಾದರಿಯ ಎಡಬದಿಯಿಂದ ದೀಪದ ವೈರುಗಳು ಒಳಹೋಗುತ್ತಿದ್ದವು, ಕ್ಯಾಮೆರಾಕ್ಕೆ ತೋರಿಸುವಂತಿದ್ದದ್ದು ಬಲಬದಿಯೊಂದೇ. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು-ಬಾಹ್ಯಾಕಾಶ ಸಂಗ್ರಹಾಲಯದಲ್ಲಿದೆ.

ಒಂದೇ ಕೂತಿನಲ್ಲಿ ನಾಲ್ಕೈದು ಕಂತು ನೋಡಬೇಡಿ. ಆರಂಭದ ಕಂತುಗಳಿಗೆ ಮಾಡಿದ ಸಂಗೀತವನ್ನೇ ಮುಂದಿನವಕ್ಕೂ ಜೋಡಿಸಿದ್ದಾರೆ, ನೌಕೆಯ ಅವೇ ತುಣುಕುಗಳು ತಿರುತಿರುಗಿ ಬರುತ್ತವೆ. ವಾರಕ್ಕೊಂದರಂತೆ ನೋಡಿದರೆ ಇದು ಕಾಡುವುದಿಲ್ಲ.

ಮೂರನೇ ಸೀಸನ್ ಬಿಟ್ಟುಬಿಡಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಜೆಟ್ ಇಳಿದಿತ್ತು, ನಿಜ. 'ಸ್ಪೆಕ್ಟರ್ ಆಫ್ ದ ಗನ್'ನಲ್ಲಿ ಇಡೀ ಊರೆಂದರೆ ಬರೀ ಮುಂಗೋಡೆಗಳು, ಹಿಂದೆ ಕೆಂಪು ಆಕಾಶ. ಕಥೆಯಲ್ಲಿ ಆ ಊರೇ ಅನ್ಯಗ್ರಹದವರು ಕರ್ಕ್‌ನ ನೆನಪಿನಿಂದ ಅರೆಬರೆ ಕಟ್ಟಿದ್ದು, ಹಾಗಾಗಿ ಇಲ್ಲದ ಗೋಡೆಗಳೇ ಹೆದರಿಸುತ್ತವೆ. ಆ ಸೀಸನ್ನನ್ನು ಅದರಿಂದಲೇ ಶುರುಮಾಡಿ. ಚಿತ್ರೀಕರಣದ ಕ್ರಮದಲ್ಲೂ ಅದೇ ಮೊದಲನೆಯದು.